ಹಲ್ಲಿನ ಡಾಕ್ಟರಿಗೆ ಸನ್ಮಾನ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ನೀರಿನ ತೊಟ್ಟಿಯ ಬಣ್ಣ ನನ್ನ ನೆನಪಿನಲ್ಲಿ ನೀಲಿ. ಅಪ್ಪ ಬದುಕಿರುವವರೆಗೂ ಅದು ಹಸಿರು ಎನ್ನುತ್ತಿದ್ದರು; ಆದರೆ ಅವರು ಆ ಹೊತ್ತಿಗೆ ಕನ್ನಡಕ ತೆಗೆದುಕೊಟ್ಟಿದ್ದರು. ಅಮ್ಮ ಉಟ್ಟಿದ್ದು ಮೈಸೂರು ರೇಷ್ಮೆ ಎಂಬುದು ಖಾತ್ರಿ, ಅದರ ಬಣ್ಣ ಮಾತ್ರ ನೆನೆದಾಗಲೆಲ್ಲ ಬದಲಾಗುತ್ತದೆ. ದಿನಚರಿ ಬರೆಯುವ ಚಟ ನನಗೆ ಅಂಟಿದ್ದು ಕಾಲೇಜಿಗೆ ಹೋದ ಮೇಲೆ. ಅದಕ್ಕೂ ಹಿಂದಿನದಕ್ಕೆಲ್ಲ ನನ್ನ ತಲೆಯೊಂದೇ ಸಾಕ್ಷಿ, ಆ ಸಾಕ್ಷಿ ಎಷ್ಟೋ ಸಲ ಮಾತು ಬದಲಿಸಿದ್ದನ್ನು ನಾನೇ ಹಿಡಿದಿದ್ದೇನೆ. ಆದ್ದರಿಂದ ಓದುವವರು ಬಣ್ಣಗಳನ್ನು ನಂಬಬೇಕಾಗಿಲ್ಲ. ಊರಿನವರೆಲ್ಲ ನಿಂತು ನೋಡುತ್ತಿರುವಾಗ ಅಪ್ಪ ಸೂಟಿನಲ್ಲೇ ನೀರಿಗೆ ಬಿದ್ದರು ಎಂಬುದನ್ನು ನಂಬಬಹುದು. ಆ ಹಬ್ಬ ಮುಗಿದ ಮೇಲೆ ನಾವು ಆ ಊರಿನಲ್ಲಿ ಇರುವುದೋ ಬಿಡುವುದೋ ಎಂಬುದು ತೀರ್ಮಾನವಾಗಬೇಕಿತ್ತು ಎಂಬುದನ್ನೂ ನಂಬಬಹುದು.

ನಾವಿದ್ದದ್ದು ಕಡಲ ಬದಿಯ ಒಂದು ಸಣ್ಣ ಊರಿನಲ್ಲಿ. ಗುಡ್ಡ ಹತ್ತಿ ಇಳಿದರೆ ರೆಡ್‌ವುಡ್ ಸಿಟಿ. ಅಲ್ಲಿಂದ ಫ್ರೀವೇ, ಫ್ರೀವೇಯ ಆಚೆ ಆಫೀಸುಗಳು, ಭಾರತದವರು, ದೇವಸ್ಥಾನ, ಕೊತ್ತಂಬರಿ ಸೊಪ್ಪು. ಗುಡ್ಡದ ಈಚೆ ಮಂಜು, ಮೀನು ಹಿಡಿಯುವವರು ಮತ್ತು ಆರ್ಟಿಚೋಕ್ ಹೊಲಗಳು. ತಾವರೆ ಮೊಗ್ಗಿನ ಹಾಗಿರುವ, ಎಸಳೆಸಳಿಗೂ ಮುಳ್ಳಿರುವ ಆ ತರಕಾರಿಯನ್ನು ನಮ್ಮ ಜೊತೆಗಿದ್ದ ಅಜ್ಜಿ, ಅಪ್ಪನ ತಾಯಿ, ಮೊದಲ ಸಲ ಕೈಯಲ್ಲಿ ಹಿಡಿದು, ಇದನ್ನ ಮೊದಲ ತಿಂದಾವ ಎಷ್ಟ ಹಸದಿದ್ದನೋ ಪಾಪ, ಎಂದಿದ್ದಳು. ಅಪ್ಪ ಹಲ್ಲಿನ ಡಾಕ್ಟರು. ಧಾರವಾಡದ ಕಡೆಯವರು, ಅಲ್ಲಿ ಓದಿದ್ದು ಸಾಲದೆಂದು ಈ ದೇಶದಲ್ಲಿ ಮತ್ತೆ ಓದಿ, ಎಲ್ಲೂ ಕೆಲಸ ಸಿಗದೆ, ಕೊನೆಗೆ ವಾಲ್ಟ್ ಎಂಬ ಮುದುಕ ಡಾಕ್ಟರ ಸಣ್ಣ ಕ್ಲಿನಿಕ್ಕಿಗೆ ಸಹಾಯಕರಾಗಿ ಸೇರಿದ್ದರು. ಕ್ಲಿನಿಕ್ಕಿನ ಹಿಂಭಾಗವೇ ನಮ್ಮ ಮನೆ. ಮುಂಬಾಗಿಲಿನಲ್ಲಿ ರೋಗಿಗಳು, ಹಿತ್ತಿಲ ಬಾಗಿಲಿನಲ್ಲಿ ನಾವು. ನಮ್ಮ ಅಡುಗೆಮನೆಗೂ ಅವರ ಕುರ್ಚಿಗೂ ನಡುವೆ ಒಂದೇ ಗೋಡೆ, ಅದೂ ಹಲಗೆಯದು. ಲವಂಗದ ಎಣ್ಣೆಯ ವಾಸನೆ ಈಚೆಗೆ ಬರುತ್ತಿತ್ತು, ಒಗ್ಗರಣೆಯ ವಾಸನೆ ಆಚೆಗೆ ಹೋಗುತ್ತಿತ್ತು. ಇಂಗಿನ ಘಾಟಿಗೆ ರೋಗಿಯೊಬ್ಬ ಬಾಯಿ ತೆರೆದಿರುವಾಗಲೇ ಸೀನಿದ್ದನೆಂದು ಅಪ್ಪ ಒಮ್ಮೆ ಬಹಳ ಗಂಭೀರವಾಗಿ ಬಂದು ಹೇಳಿದರು.

ಆ ಗೋಡೆ ನಮ್ಮ ಮನೆಯ ಜಗಳಗಳಿಗೆ ಒಂದು ನಿಯಮ ಹಾಕಿಕೊಟ್ಟಿತ್ತು. ದನಿ ಎತ್ತಿದರೆ ಕಾಯುವ ಕೋಣೆಯವರೆಗೆ ಕೇಳಿಸುತ್ತಿತ್ತು. ಆದ್ದರಿಂದ ಹಲ್ಲು ಕೊರೆಯುವ ಡ್ರಿಲ್ಲು ತಿರುಗುವಾಗ ಮಾತ್ರ ಜಗಳ. ಅಪ್ಪ ಡ್ರಿಲ್ಲು ಹಿಡಿದಿದ್ದರೆ ಅಮ್ಮನಿಗೂ ಅಜ್ಜಿಗೂ. ವಾಲ್ಟ್ ಹಿಡಿದಿದ್ದರೆ ಅಪ್ಪನಿಗೂ ಅಮ್ಮನಿಗೂ. ಅಮ್ಮ ಮೈಸೂರಿನವಳು. ಅನ್ನ ಸಾರು ಅವಳ ಪಕ್ಷ, ಜೋಳದ ರೊಟ್ಟಿ ಅಜ್ಜಿಯ ಪಕ್ಷ. ಅಪ್ಪ ಎರಡೂ ಉಂಡು ಎದ್ದು ಹೋಗುತ್ತಿದ್ದರು. ಡ್ರಿಲ್ಲು ನಿಂತೊಡನೆ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಮತ್ತೆ ತಿರುಗಿದಾಗ ಬಿಟ್ಟ ಅಕ್ಷರದಿಂದಲೇ ಶುರು. ನನ್ನ ಕನ್ನಡ ಈ ಇಬ್ಬರ ಜಗಳದಲ್ಲಿ ಕಲಿತದ್ದು, ಆಮೇಲೆ ಎಂ.ಎ. ಓದಲು ಮೈಸೂರಿಗೆ ಹೋದಾಗ, ನಿನ್ನ ಮಾತು ಯಾವ ಊರಿನದು ಎಂದು ಕೇಳಿದವರಿಗೆ ನಮ್ಮ ಅಡುಗೆಮನೆಯದು ಎನ್ನುತ್ತಿದ್ದೆ. ಇದನ್ನೆಲ್ಲ ವಿನೋದಕ್ಕೆ ಬರೆಯುತ್ತಿದ್ದೇನೆಯೇ ಎಂದು ಈಗ ಅನುಮಾನ ಬರುತ್ತದೆ. ಆಗ ಅದು ವಿನೋದವಾಗಿರಲಿಲ್ಲ. ಡ್ರಿಲ್ಲಿನ ಸದ್ದು ಕೇಳಿದರೆ ಇವತ್ತಿಗೂ ನಾನು ಕೆಲಸ ಬಿಟ್ಟು ಕಿವಿಗೊಡುವುದು ಹಲ್ಲುನೋವಿನ ಹೆದರಿಕೆಗಲ್ಲ.

ಆ ಬೇಸಿಗೆಯ ದೊಡ್ಡ ಜಗಳ ಊರು ಬಿಡುವುದರ ಬಗ್ಗೆ. ಊರಿನ ಬೇಸಿಗೆ ಹಬ್ಬ ಮುಗಿದ ಮೇಲೆ ವಾಲ್ಟ್ ನಿವೃತ್ತರಾಗುವವರಿದ್ದರು. ಕ್ಲಿನಿಕ್ಕು, ಅದರ ಹಿಂದಿನ ಮನೆ, ಎರಡನ್ನೂ ನೀವೇ ವಹಿಸಿಕೊಳ್ಳಿ ಎಂದು ಅಪ್ಪನಿಗೆ ಹೇಳಿದ್ದರು. ಅಪ್ಪನಿಗೆ ಜೀವನದಲ್ಲಿ ಮೊದಲ ಸಲ ಯಾರೋ ಕೈ ಚಾಚಿ ಕೊಡುತ್ತಿದ್ದರು. ಅಮ್ಮನಿಗೆ ಗುಡ್ಡದಾಚೆಯ ಬೆರ್ರಿಯೆಸಾಕ್ಕೆ ಹೋಗಬೇಕಿತ್ತು. ಅಲ್ಲಿ ಅವಳ ತಂಗಿ, ನನ್ನ ಚಿಕ್ಕಮ್ಮ, ಇದ್ದಳು. ಸುತ್ತ ಮೈಸೂರು ಬೆಂಗಳೂರಿನ ಮನೆಗಳಿದ್ದವು. ತಿಂಗಳಿಗೊಮ್ಮೆ ಜೋಳದ ಹಿಟ್ಟು, ತೊಗರಿಬೇಳೆ, ಕರಿಬೇವು ತರಲು ಅಲ್ಲಿಗೆ ಹೋಗುತ್ತಿದ್ದೆವು. ಗುಡ್ಡದ ತಿರುವುಗಳಲ್ಲಿ ನನಗೆ ವಾಂತಿಯಾಗುತ್ತಿತ್ತು. ಚಿಕ್ಕಮ್ಮನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟೊಡನೆ ಅಮ್ಮ ಬೇರೆಯೇ ಹೆಂಗಸಾಗುತ್ತಿದ್ದಳು: ಗಟ್ಟಿಯಾಗಿ ನಗುತ್ತಿದ್ದಳು, ಬೇರೆಯವರ ಮಾತಿನ ನಡುವೆ ಬಾಯಿ ಹಾಕುತ್ತಿದ್ದಳು, ಕಾಲು ಚಾಚಿ ಕೂರುತ್ತಿದ್ದಳು. ಹಿಂದಿರುಗುವಾಗ ಕಾರಿನಲ್ಲಿ ಅವಳು ಮಾತಾಡುತ್ತಿರಲಿಲ್ಲ. ನಾನು ಆಗ ಒಂಬತ್ತು ವರ್ಷದವಳಿರಬೇಕು, ಹತ್ತೂ ಇರಬಹುದು. ಈ ಎರಡು ಅಮ್ಮಂದಿರಲ್ಲಿ ಯಾರು ನಿಜ ಎಂಬ ಪ್ರಶ್ನೆ ನನಗಿತ್ತು. ಒಂದು ಮಧ್ಯಾಹ್ನ ವಾಲ್ಟ್ ಗೋಡೆಯಾಚೆ ಯಾರದೋ ದವಡೆ ಕೊರೆಯುತ್ತಿರುವಾಗ ನಡೆದ ಮಾತು ನನಗೆ ಹೆಚ್ಚುಕಮ್ಮಿ ಹಾಗೇ ನೆನಪಿದೆ.

"ಇಷ್ಟು ವರ್ಷ ಆಯ್ತು ರೀ. ಒಬ್ಬರಾದ್ರೂ ಮನೆಗೆ ಬನ್ನಿ ಅಂದಿದಾರಾ?"

"ಮಂದಿ ಒಮ್ಮೆಲೆ ಹತ್ರ ಬರೂದಿಲ್ಲ ಸುಮಾ. ಸ್ವಲ್ಪ ತಾಳ್ಮಿ ಇರ್ಲಿ."

"ನೋವು ಬಂದ್ರೆ ಬರ್ತಾರೆ, ಬಾಯಿ ತೆಗೀತಾರೆ, ಹೋಗ್ತಾರೆ. ಅಂಗಡೀಲಿ ಸಿಕ್ಕಿದ್ರೆ ಬಾಯಿ ಮುಚ್ಕೊಂಡು ನಗ್ತಾರೆ."

"ಹಲ್ಲು ಕೆಟ್ಟಿರ್ತಾವಲ್ಲ, ನಾಚಿಕಿ."

"ತಮಾಷೆ ಬೇಡ. ನಿಮಗೆ ಅಷ್ಟು ಇಷ್ಟ ಇದ್ರೆ ನೀವೊಬ್ಬರೇ…"

ಡ್ರಿಲ್ಲು ನಿಂತಿತು.

"…ಇನ್ನೊಂದು ಸೌಟು ಸಾರು ಹಾಕಲಾ?" ಎಂದಳು ಅಮ್ಮ.

ಅಪ್ಪ ತಟ್ಟೆ ಮುಂದೆ ಹಿಡಿದರು. ಆಚೆ ವಾಲ್ಟ್ ಯಾರಿಗೋ ಬಾಯಿ ಮುಕ್ಕಳಿಸಲು ಹೇಳುತ್ತಿದ್ದರು. ಮತ್ತೆ ಡ್ರಿಲ್ಲು ತಿರುಗಿದಾಗ ಅಪ್ಪ, ಹಬ್ಬ ಒಂದು ಮುಗೀಲಿ, ವಾಲ್ಟ್‌ಗೂ ಹಂಗ ಹೇಳೇನಿ, ಆಮ್ಯಾಲ ನೀ ಹೆಂಗಂತಿ ಹಂಗ, ಎಂದರು. ಆ ಮಾತು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅಮ್ಮ ಅದನ್ನು ಕೇಳಿ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಕೂತುಬಿಟ್ಟಳು. ಗೆದ್ದವರು ಕೂರುವ ಹಾಗೆ ಕೂತಳು.

ಹಬ್ಬವೆಂದರೆ ಊರಿನ ಬೇಸಿಗೆ ಹಬ್ಬ. ಪ್ರತಿ ವರ್ಷ ಅದು ಬರುವ ಶನಿವಾರ ನಾವು ಬೇಕೆಂದೇ ಬೆರ್ರಿಯೆಸಾಕ್ಕೆ ಹೋಗಿಬಿಡುತ್ತಿದ್ದೆವು. ರಸ್ತೆ ಮುಚ್ಚುತ್ತಾರೆ, ಗದ್ದಲ, ಮಾಂಸ ಸುಡುವ ಹೊಗೆ ಎಂಬ ಕಾರಣಕ್ಕೆ. ಹಾಗಾಗಿ ಅಲ್ಲಿ ಏನು ನಡೆಯುತ್ತದೆಂದು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಆ ಸಲ ಹಬ್ಬಕ್ಕೆ ಎರಡು ವಾರವಿರುವಾಗ ಡೋರಿಸ್ ಬಂದಳು. ದನದ ಮೇವು, ಗೊಬ್ಬರ, ಮೊಳೆ, ಹಗ್ಗ ಎಲ್ಲ ಮಾರುವ ಅಂಗಡಿ ಅವಳದು, ಹಬ್ಬದ ಯಜಮಾನಿಕೆಯೂ ಅವಳದೇ. ಹಲ್ಲಿಗೆ ಬೆಳ್ಳಿ ತುಂಬಿಸಿಕೊಂಡು, ಅರ್ಧ ಮರಗಟ್ಟಿದ ತುಟಿಯಲ್ಲೇ ಅಪ್ಪನಿಗೆ ಹೇಳಿದಳಂತೆ: ಡಾಕ್ಟರ್, ಈ ಸಲ ಹಬ್ಬದಲ್ಲಿ ನೀವು ನಮಗಾಗಿ ಕೂರಬೇಕು, ಅರ್ಧ ಗಂಟೆ ಸಾಕು, ಊರಿನವರೆಲ್ಲ ಬರುತ್ತಾರೆ. ವಾಲ್ಟ್ ಎಷ್ಟೋ ವರ್ಷ ಕೂತಿದ್ದಾರೆ, ಶಾಲೆಯ ಹೆಡ್‌ಮಿಸ್ಟ್ರೆಸ್ ಪ್ರತಿ ಸಲ ಕೂರುತ್ತಾರೆ. ಟವೆಲು ನಾವೇ ಕೊಡುತ್ತೇವೆ. ಎಲ್ಲಿ ಕೂರುವುದು, ಯಾಕೆ ಕೂರುವುದು ಎಂದು ಅವಳು ಹೇಳಲಿಲ್ಲ. ಊರಿಗೆಲ್ಲ ಗೊತ್ತಿರುವುದನ್ನು ಊರಿನಲ್ಲಿರುವವರಿಗೆ ಬಿಡಿಸಿ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಅಪ್ಪನೂ ಕೇಳಲಿಲ್ಲ. ಗೌರವ ಕೊಡಲು ಬಂದವರನ್ನು ಏನು, ಎತ್ತ ಎಂದು ವಿಚಾರಿಸುವುದು ಅವರ ದೃಷ್ಟಿಯಲ್ಲಿ ಸಭ್ಯತೆಯಲ್ಲ. ಹೆಡ್‌ಮಿಸ್ಟ್ರೆಸ್ಸು, ಹಿರಿಯ ಡಾಕ್ಟರು, ಊರಿನವರೆಲ್ಲರ ಎದುರು ಅರ್ಧ ಗಂಟೆ, ಕೊನೆಗೆ ಒಂದು ಬಟ್ಟೆ. ಧಾರವಾಡದಲ್ಲಿ ಬೆಳೆದವರಿಗೆ ಇದು ಏನೆಂದು ಯಾರಾದರೂ ಹೇಳಿಕೊಡಬೇಕೆ?

"ಸನ್ಮಾನ," ಎಂದಳು ಅಜ್ಜಿ. "ನನ್ನ ಮಗಗ ಊರ ಮಂದಿ ಸನ್ಮಾನ ಮಾಡ್ತಾರ. ಇಲ್ಲಿ ಟವೆಲ್ ಹೊದಸ್ತಾರೇನ, ಹೊದಸ್ಲಿ. ನಮ್ಮ ಕಡೆನೂ ಹಳ್ಳ್ಯಾಗ ಟವೆಲ್ಲೇ ಹೊದಸ್ತಾರ."

"ಅವರು ಹಾಗೆ ಹೇಳ್ಲಿಲ್ಲ ಅತ್ತೆ."

"ಮತ್ತ ಕರದ ಕುಂದರಸೂದು ಯಾಕವಾ? ಮಾರಿ ನೋಡ್ಲಿಕ್ಕೇನ?"

ಅಜ್ಜಿ ಅವತ್ತೇ ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಚಿಕ್ಕಮ್ಮನಿಂದ ಬೆರ್ರಿಯೆಸಾದ ಕನ್ನಡದವರಿಗೆಲ್ಲ ಗೊತ್ತಾಯಿತು. ಅಮ್ಮ ಮಾತ್ರ ಬಹಳ ಮಂಕಾದಳು. ಆಗ ನನಗೆ ಅದು ಅರ್ಥವಾಗಲಿಲ್ಲ. ಈಗ ಲೆಕ್ಕ ಹಾಕಿದರೆ ಅರ್ಥವಾಗುತ್ತದೆ: ಈ ಊರು ನಮ್ಮನ್ನು ತನ್ನವರೆಂದು ಒಪ್ಪಿಲ್ಲ ಎಂಬುದೊಂದೇ ಅವಳ ವಾದ. ಊರೇ ಕರೆದು ಕೂರಿಸಿ ಬಟ್ಟೆ ಹೊದಿಸಿಬಿಟ್ಟರೆ ಆ ವಾದದಲ್ಲಿ ಏನು ಉಳಿಯುತ್ತದೆ? ಆದರೂ ಅಪ್ಪನ ಮದುವೆಯ ಸೂಟನ್ನು ತೆಗೆದು, ತೇವದ ಬಟ್ಟೆ ಹಾಸಿ, ಮಡಿಕೆ ಮಡಿಕೆಯಾಗಿ ಇಸ್ತ್ರಿ ಮಾಡಿದವಳು ಅವಳೇ. ಅಪ್ಪ ಮೂರು ನಿಮಿಷದ ಒಂದು ಭಾಷಣ ಸಿದ್ಧಮಾಡಿಕೊಂಡು ಕನ್ನಡಿಯೆದುರು ನಿಂತು ಒಪ್ಪಿಸುತ್ತಿದ್ದರು. ಈ ಗೌರವ ನನ್ನದಲ್ಲ, ನನ್ನ ಕುರ್ಚಿಯದು ಎಂದು ಅದು ಶುರುವಾಗುತ್ತಿತ್ತು.

ಆ ಶನಿವಾರ ಬೆಳಿಗ್ಗೆ ಮಂಜು ಹತ್ತು ಗಂಟೆಗೇ ಸರಿಯಿತು. ನಾವು ಮುಖ್ಯರಸ್ತೆಯ ಬದಿಗೆ ಹೋಗಿ ನಿಂತೆವು. ಮೊದಲು ಬೆಂಕಿ ಆರಿಸುವ ಕೆಂಪು ಗಾಡಿ, ಅದರ ಹಿಂದೆ ಕಾಗದದ ಹೂವು ಸುತ್ತಿದ ಟ್ರ್ಯಾಕ್ಟರುಗಳು, ನನ್ನ ಶಾಲೆಯ ಬ್ಯಾಂಡು, ಟೋಪಿ ಹಾಕಿದ ನಾಯಿಗಳು, ತನ್ನ ಕುದುರೆ ಮುಂದೆ ಹೋಗಲೊಪ್ಪದೆ ನಿಂತಲ್ಲೇ ಸುತ್ತುತ್ತಿದ್ದ ಒಬ್ಬ ಮುದುಕ. ನಿತ್ಯ ಮಾತಿಲ್ಲದೆ ಮೀನಿನ ಬಲೆ ಬಿಡಿಸುತ್ತಿದ್ದ ಗಂಡಸರು ಟ್ರ್ಯಾಕ್ಟರಿನ ಮೇಲೆ ನಿಂತು ಮಕ್ಕಳಿಗೆ ಮಿಠಾಯಿ ತೂರುತ್ತಿದ್ದರು. ನನಗೆ ಆದ ದಿಗ್ಭ್ರಮೆ ಇಂದಿಗೂ ನೆನಪಿದೆ. ಇವರೆಲ್ಲ ಇಲ್ಲೇ ಇದ್ದರೇ? ಇಷ್ಟೊಂದು ನಗು ಇವರ ಹತ್ತಿರ ವರ್ಷವಿಡೀ ಇತ್ತೇ, ನಾವು ಇರುವಾಗ ಎಲ್ಲಿ ಇಟ್ಟಿರುತ್ತಿದ್ದರು? ಹಣ್ಣು ತುಂಬಿದ ಸಿಹಿ ಕಡುಬಿನಂಥ ಪೈಗಳ ಮೇಜಿನ ಹಿಂದೆ ನಿಂತಿದ್ದ ಹೆಂಗಸರು ಅಮ್ಮನ ರೇಷ್ಮೆ ಸೀರೆ ನೋಡಿ ಒಬ್ಬರನ್ನೊಬ್ಬರು ತಿವಿದುಕೊಂಡರು. ಅಜ್ಜಿಯ ಬಗಲಿನಲ್ಲಿ ಒಂದು ಚೀಲವಿತ್ತು. ಅದರಲ್ಲಿ ಜರಿಯಂಚಿನ ಶಾಲು. ಇವರಿಗೆ ಚಲೋ ಶಾಲು ಎಲ್ಲಿಂದ ಸಿಗಬೇಕ, ಕಡೀಕ ನಾವ ಕೊಟ್ಟರಾತು, ಎಂದು ಅವಳೇ ತಂದದ್ದು.

ಡೋರಿಸ್ ನಮ್ಮನ್ನು ಶಾಲೆಯ ಬಯಲಿಗೆ ಕರೆದುಕೊಂಡು ಹೋದಳು. ಅಪ್ಪ ವೇದಿಕೆಯನ್ನು ಹುಡುಕುತ್ತಿದ್ದರು. ಅಲ್ಲಿ ವೇದಿಕೆ ಇರಲಿಲ್ಲ. ಆಳೆತ್ತರದ ಒಂದು ನೀರಿನ ತೊಟ್ಟಿ, ಅದರ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಕಾಲು ಇಳಿಬಿಟ್ಟು ನಮ್ಮ ಹೆಡ್‌ಮಿಸ್ಟ್ರೆಸ್ ಕೂತಿದ್ದರು. ಶಾಲೆಗೆ ಬರುವ ಬೂದು ಬಣ್ಣದ ಉಡುಪಿನಲ್ಲೇ. ತೊಟ್ಟಿಯ ಪಕ್ಕಕ್ಕೆ ಚಾಚಿದ ಒಂದು ಕಬ್ಬಿಣದ ತೋಳು, ತೋಳಿನ ತುದಿಗೆ ತಟ್ಟೆಯಷ್ಟಗಲದ ಕೆಂಪು ಗುರಿ. ದೂರದಲ್ಲಿ ಗೆರೆಯ ಹಿಂದೆ ಜನ ಸಾಲು ನಿಂತಿದ್ದರು. ಒಬ್ಬ ಹೆಂಗಸು ಚೆಂಡು ಬೀಸಿದಳು. ಅದು ಗುರಿಗೆ ಬಡಿಯಿತು, ಹಲಗೆ ಕಳಚಿತು, ನಮ್ಮ ಹೆಡ್‌ಮಿಸ್ಟ್ರೆಸ್ ಕಿರುಚುತ್ತ ನೀರಿನೊಳಕ್ಕೆ ಹೋದರು. ಬಯಲಿಗೆ ಬಯಲೇ ಚಪ್ಪಾಳೆ ಹೊಡೆಯಿತು. ಅವರು ಕೂದಲೆಲ್ಲ ಮುಖಕ್ಕೆ ಅಂಟಿಸಿಕೊಂಡು ಮೇಲೆ ಬಂದರು. ನಾನು ಅಮ್ಮನ ಸೆರಗು ಹಿಡಿದುಕೊಂಡೆ. ಶಾಲೆಯಲ್ಲಿ ಅವರ ಹೆಜ್ಜೆಯ ಸದ್ದಿಗೇ ನಾವು ಉಸಿರು ಹಿಡಿಯುತ್ತಿದ್ದೆವು.

"ಈಕಿ ಏನ ತಪ್ಪ ಮಾಡ್ಯಾಳ?" ಎಂದಳು ಅಜ್ಜಿ. ಅವಳ ದನಿ ಬಹಳ ಸಣ್ಣದಾಗಿತ್ತು. "ಪಂಚಾಯತಿ ಮಾಡಿ ಶಿಕ್ಷಾ ಕೊಟ್ಟಾರೇನ?"

ಶಿಕ್ಷೆಯಲ್ಲ, ಊರು ತನ್ನವರನ್ನೇ ಕೂರಿಸಿ ಬೀಳಿಸುವ ಆಟ ಅದು ಎಂದು ಯಾರಾದರೂ ಹೇಳುವ ಮೊದಲೇ ಡೋರಿಸ್ ಧ್ವನಿವರ್ಧಕದಲ್ಲಿ, ಮುಂದಿನವರು ನಮ್ಮ ಡಾಕ್ಟರು ಎಂದು ಕೂಗಿದಳು. ಆಮೇಲೆ ಅಪ್ಪನ ಸೂಟನ್ನು ಆಗಷ್ಟೇ ಸರಿಯಾಗಿ ನೋಡಿ ಅವಳ ಮುಖ ಇಳಿಯಿತು. ಅಪ್ಪ ಅವಳನ್ನು ನೋಡಿದರು, ತೊಟ್ಟಿಯನ್ನು ನೋಡಿದರು, ಅಮ್ಮನನ್ನು ನೋಡಿದರು. ಅವರ ಕಿವಿಯ ತುದಿ ಕೆಂಪಾದದ್ದನ್ನು ನಾನು ಕಂಡೆ. ಭಾಷಣದ ಕಾಗದವಿದ್ದ ಜೇಬನ್ನು ಒಮ್ಮೆ ಮುಟ್ಟಿಕೊಂಡರು. ಆಗ ಬೇಡ ಎಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ ಎಂದು ಈಗ ನನಗನಿಸುತ್ತದೆ. ಅವರು ಕನ್ನಡಕ, ವಾಚು ಎರಡನ್ನೂ ಬಿಚ್ಚಿ ಅಮ್ಮನ ಕೈಗೆ ಕೊಟ್ಟರು.

"ಏನೂಂದ್ರೆ, ಬೇಡ. ಮನೆಗೆ ಹೋಗೋಣ."

"ಒಪ್ಪಕೊಂಡೇನಲ್ಲ ಸುಮಾ."

ಅಷ್ಟೇ ಹೇಳಿ ಅವರು ಬೂಟು ಕಳಚಿ, ಟೈ ಸರಿಮಾಡಿಕೊಂಡು, ಏಣಿ ಹತ್ತಿ ಹಲಗೆಯ ಮೇಲೆ ಕೂತರು. ಬೆನ್ನು ನೆಟ್ಟಗೆ, ಎರಡು ಕೈ ಮಂಡಿಯ ಮೇಲೆ. ಸನ್ಮಾನಕ್ಕೆ ಕೂತವರು ಹೇಗೆ ಕೂರುತ್ತಾರೋ ಹಾಗೆಯೇ ಕೂತರು. ಅಜ್ಜಿ ಕಣ್ಣು ಮುಚ್ಚಿಕೊಂಡಳು.

ಮುಂದಿನದನ್ನು ನಾನು ಎಷ್ಟೋ ಸಲ ಬರೆದು ಹೊಡೆದುಹಾಕಿದ್ದೇನೆ. ಜನ ಅಪ್ಪನನ್ನು ಬೀಳಿಸಿ ನಕ್ಕರು ಎಂದು ಬರೆದರೆ ಸುಲಭ. ನಡೆದದ್ದು ಅದಲ್ಲ. ಯಾರೂ ಬೀಳಿಸಲಿಲ್ಲ. ಅಪ್ಪನಿಂದ ಹಲ್ಲು ಕೀಳಿಸಿಕೊಂಡವರು, ಹಲ್ಲು ಕಟ್ಟಿಸಿಕೊಂಡವರು ಸಾಲಾಗಿ ಬಂದರು. ಮೊದಲನೆಯವನ ಚೆಂಡು ಗುರಿಯ ಮೇಲೆ ಹಾದುಹೋಯಿತು. ಎರಡನೆಯವನದು ಕೆಳಗೆ. ಮೂರನೆಯವಳು ಎಸೆಯುವ ಮೊದಲೇ ಕ್ಷಮಿಸಿ ಡಾಕ್ಟರ್ ಎಂದಳು. ದಿನವಿಡೀ ಹಗ್ಗ ಬೀಸುವ ಮೀನುಗಾರರ ಚೆಂಡುಗಳು ಕೂಡ ತೊಟ್ಟಿಯ ಹತ್ತಿರ ಬರಲಿಲ್ಲ. ವಾಲ್ಟ್ ಬಂದು ಮಗುವಿಗೆ ಎಸೆಯುವ ಹಾಗೆ ಮೆಲ್ಲಗೆ ಎಸೆದರು. ನಗು ಕಡಿಮೆಯಾಯಿತು, ಆಮೇಲೆ ನಿಂತುಹೋಯಿತು. ಹೆಡ್‌ಮಿಸ್ಟ್ರೆಸ್ ಟವೆಲಿನಲ್ಲಿ ತಲೆ ಒರೆಸುವುದನ್ನು ನಿಲ್ಲಿಸಿ ನೋಡುತ್ತಿದ್ದರು. ತಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ಸನ್ನೇ ಕೂಗುತ್ತ ಬೀಳಿಸಿದ ಜನ ನನ್ನ ಅಪ್ಪನಿಗೆ ಮರ್ಯಾದೆ ಕೊಡುತ್ತಿದ್ದರು. ಕೈ ತಪ್ಪಿಸಿ ತಪ್ಪಿಸಿ ಕೊಡುತ್ತಿದ್ದರು. ಹನಿಯೂ ತಾಗದ ಸೂಟಿನಲ್ಲಿ, ಎಲ್ಲರಿಗಿಂತ ಮೇಲೆ, ಅವರು ಅತಿಥಿಯ ಹಾಗೆ ಒಬ್ಬರೇ ಕೂತಿದ್ದರು. ನೀರಿಗೆ ಬೀಳುವುದಕ್ಕಿಂತ ಇದು ಕೆಟ್ಟದ್ದು ಎಂದು ನನಗೆ ಆಗಲೇ ಗೊತ್ತಾಯಿತೋ, ಈಗ ಗೊತ್ತಾದದ್ದನ್ನು ಆ ಹುಡುಗಿಯ ತಲೆಗೆ ತುರುಕುತ್ತಿದ್ದೇನೋ, ಹೇಳಲಾರೆ.

ಆಗ ಅಮ್ಮ ನನ್ನ ಕೈಗೆ ಕನ್ನಡಕ, ವಾಚು ತುರುಕಿದಳು. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಸಾಲಿನಲ್ಲಿ ನಿಲ್ಲಲಿಲ್ಲ, ಯಾರನ್ನೂ ಕೇಳಲಿಲ್ಲ. ಬುಟ್ಟಿಯಿಂದ ಒಂದು ಚೆಂಡು ತೆಗೆದುಕೊಂಡು ಗೆರೆಯ ಮೇಲೆ ನಿಂತು, ಕೈಯನ್ನು ಕಿವಿಯ ಪಕ್ಕಕ್ಕೆ ತಂದು, ಬೀಸಿದಳು. ಮನೆಯಲ್ಲಿ ಒಂದು ಹೂವನ್ನೂ ಎಸೆಯುವುದನ್ನು ನಾನು ಕಂಡಿರದ ಹೆಂಗಸು. ಠಣ್ ಎಂಬ ಸದ್ದು. ಅಪ್ಪ ಕೂತ ಭಂಗಿಯಲ್ಲೇ ನೇರ ನೀರಿನೊಳಕ್ಕೆ ಹೋದರು.

ಆಮೇಲೆ ಬಯಲು ಹೊಡೆದ ಕೇಕೆ ಎಂಥದ್ದೆಂದರೆ ದೂರದಲ್ಲಿ ಕಟ್ಟಿದ್ದ ಕುದುರೆಗಳು ಕೆನೆದವು. ಅಪ್ಪ ತೊಟ್ಟಿಯ ಅಂಚು ಹಿಡಿದು ಎದ್ದು, ಕಣ್ಣು ಕಿರಿದು ಮಾಡಿ, ಯಾರು ಎಂದು ಹುಡುಕಿದರು. ಅವರಿಗೆ ಕಾಣಿಸುತ್ತಿರಲಿಲ್ಲ. ಯಾರೋ ಕೂಗಿ ಹೇಳಿದರು, ನಿಮ್ಮ ಹೆಂಡತಿ ಡಾಕ್ಟರ್. ಆಗ ಅಪ್ಪ ನಕ್ಕರು. ಅವರ ಹಲ್ಲುಗಳನ್ನು ಅಷ್ಟೊಂದು ಜನ ಒಟ್ಟಿಗೆ ನೋಡಿದ್ದು ಅದೇ ಮೊದಲಿರಬೇಕು. ಅವರು ಇಳಿದು ಬಂದಾಗ ಡೋರಿಸ್ ಟವೆಲು ಹೊದಿಸಿದಳು. ಅಜ್ಜಿ ಅವಳನ್ನು ಪಕ್ಕಕ್ಕೆ ಸರಿಸಿ, ಟವೆಲಿನ ಮೇಲೆ ಜರಿಯಂಚಿನ ಶಾಲು ಹೊದಿಸಿದಳು. ಜನ ಅದಕ್ಕೂ ಚಪ್ಪಾಳೆ ಹೊಡೆದರು. ಆಮೇಲೆ ಅಜ್ಜಿ ಸೊಸೆಯ ಕಡೆ ತಿರುಗಿದಳು.

"ನಿನ್ನ ಗಂಡಗ ಹೊಡದಿ. ಊರ ಮುಂದ."

"ಅವರಿಗೆ ಹೊಡೀಲಿಲ್ಲ ಅತ್ತೆ, ತಟ್ಟೆಗೆ ಹೊಡೆದೆ."

"ಒಂದ ಏಟಿಗೆ ಹೆಂಗ ಬಡೀತ?"

"ಕಾಲೇಜಲ್ಲಿ ಥ್ರೋಬಾಲ್ ಆಡ್ತಿದ್ದೆ."

ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಈ ಸಂಗತಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಮರುದಿನ ಭಾನುವಾರ ಬೆಳಿಗ್ಗೆ ಹಿತ್ತಿಲ ಬಾಗಿಲು ಬಡಿದ ಸದ್ದಾಯಿತು. ಅಲ್ಲಿಯವರೆಗೆ ಆ ಬಾಗಿಲನ್ನು ನಮ್ಮ ಹೊರತು ಯಾರೂ ಮುಟ್ಟಿರಲಿಲ್ಲ. ಡೋರಿಸ್ ಒಂದು ಸೇಬಿನ ಪೈ ಹಿಡಿದು ನಿಂತಿದ್ದಳು. ಅವಳ ಹಿಂದೆ ಇನ್ನಿಬ್ಬರು. ಅಡುಗೆಮನೆಯೊಳಗೆ ಬಂದು, ಕುರ್ಚಿ ಎಳೆದು ಕೂತು, ಹೇಗೆ ಎಸೆದೆ ತೋರಿಸು ಎಂದು ಅಮ್ಮನನ್ನು ಕಾಡಿದರು. ಅಜ್ಜಿ ಅವರಿಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತಲೇ ತಿಂದರು. ಅಂಗಡಿಯಲ್ಲಿ, ಶಾಲೆಯ ಗೇಟಿನಲ್ಲಿ ಜನ ಅಮ್ಮನನ್ನು ಕಂಡರೆ ತೋಳು ಬೀಸಿ ತೋರಿಸುತ್ತಿದ್ದರು. ಅದೇ ವಾರ ಅಪ್ಪ ವಾಲ್ಟ್‌ಗೆ ಒಪ್ಪಿಗೆ ಕೊಟ್ಟರು. ಕೊಡುವ ಮೊದಲು ಊಟಕ್ಕೆ ಬಂದು, ಆಚೆ ಡ್ರಿಲ್ಲು ತಿರುಗುವವರೆಗೆ ಕಾದು, ಏನಂತಿ, ಎಂದು ಅಮ್ಮನನ್ನು ಕೇಳಿದರು. ಡ್ರಿಲ್ಲು ತಿರುಗುತ್ತಲೇ ಇತ್ತು. ಅಮ್ಮ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಆಮೇಲೆ ಬೆರ್ರಿಯೆಸಾದ ಮಾತನ್ನು ಅವಳು ಎತ್ತಿದ್ದು ನನಗೆ ನೆನಪಿಲ್ಲ. ನಾನು ಮನೆ ಬಿಟ್ಟು ಕಾಲೇಜಿಗೆ ಹೋದೆ, ಅಜ್ಜಿ ತೀರಿಕೊಂಡಳು, ಅಪ್ಪನ ಕೈ ನಡುಗತೊಡಗಿ ಕ್ಲಿನಿಕ್ಕು ಬೇರೆಯವರ ಕೈ ಸೇರಿತು. ಆಮೇಲೂ, ಅಪ್ಪ ಇರುವವರೆಗೆ, ಇಬ್ಬರೂ ಆ ಊರಿನಲ್ಲೇ ಇದ್ದರು. ಅಮ್ಮ ನಮಗೆ ಆ ಊರನ್ನು ಗಳಿಸಿಕೊಟ್ಟಳು ಎಂಬುದು ನಾನು ಹೇಳಿಕೊಂಡು ಬೆಳೆದ ಕಥೆ. ಅಪ್ಪನ ಮಾನ ಉಳಿಸಲು ತನ್ನ ಆಸೆಯನ್ನೇ ನೀರಿಗೆ ಬಿಟ್ಟಳು ಎಂದು ನಾನು ಕೆಲಸ ಮಾಡುವ ಹೇವರ್ಡ್‌ನ ಯೂನಿವರ್ಸಿಟಿ ಲೈಬ್ರರಿಯಲ್ಲಿ ಜೊತೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ.

ಅಪ್ಪ ಹೋದ ಮೇಲೆ ಅಮ್ಮ ಬೆರ್ರಿಯೆಸಾದ ಅಪಾರ್ಟ್‌ಮೆಂಟಿಗೆ ಬಂದಳು. ಎರಡು ಬಾಗಿಲಾಚೆ ಚಿಕ್ಕಮ್ಮ. ಈ ವರ್ಷ ನನ್ನ ಮಗಳು ಅನು ಹಠ ಹಿಡಿದು ನಮ್ಮಿಬ್ಬರನ್ನೂ ಆ ಹಬ್ಬಕ್ಕೆ ಕರೆದುಕೊಂಡು ಹೋದಳು. ಮತ್ತೆ ದಂಗಾದೆ, ಬೇರೆ ಕಾರಣಕ್ಕೆ: ಏನೂ ಬದಲಾಗಿರಲಿಲ್ಲ. ಗುಡ್ಡ ದಾಟಿ ಬಂದ ಮೇಲೆ ನಾವು ಎಷ್ಟು ಮನೆ, ಎಷ್ಟು ಕೆಲಸ ಬದಲಿಸಿದ್ದೇವೆ. ಅಲ್ಲಿ ಅದೇ ಕೆಂಪು ಗಾಡಿ, ಕಾಗದದ ಹೂವಿನ ಟ್ರ್ಯಾಕ್ಟರು, ಸ್ವಲ್ಪ ತಪ್ಪಿ ಬಾರಿಸುವ ಬ್ಯಾಂಡು. ಪೈಗಳ ಹಿಂದೆ ಬೇರೆ ಹೆಂಗಸರು, ಮಾತುಗಳು ಅವೇ. ಮಾಮ್, ಇಟ್ಸ್ ಸೋ ಸ್ವೀಟ್, ಎನ್ನುತ್ತ ಅನು ಮೂರು ತುಂಡು ಪೈ ತಿಂದಳು. ತೊಟ್ಟಿಯ ಮೇಲೆ ಈ ಸಲ ಯುವ ಪೋಲೀಸಿನವನೊಬ್ಬ ಕೂತಿದ್ದ. ಚೆಂಡಿನ ಬುಟ್ಟಿಯ ಹತ್ತಿರವಿದ್ದ ಬೋಳುತಲೆಯ ಮೀನುಗಾರ ಅಮ್ಮನನ್ನು ದಿಟ್ಟಿಸಿದ. ತನ್ನ ಎಳೆ ವಯಸ್ಸಿನಲ್ಲಿ ಅಪ್ಪನಿಂದ ಎರಡು ದವಡೆ ಹಲ್ಲು ಕೀಳಿಸಿಕೊಂಡವನಂತೆ. ಅವತ್ತು ಡಾಕ್ಟರನ್ನು ಒಂದೇ ಏಟಿಗೆ ಕೆಡವಿದವರು ನೀವೇ ಅಲ್ಲವೆ, ಎಂದ. ಸುತ್ತಲಿದ್ದವರು ತಿರುಗಿದರು. ಅಮ್ಮ ಕೋಲು ಊರಿಕೊಂಡು ನೆಟ್ಟಗಾಗಿ, ತನ್ನ ನಿಧಾನದ ಇಂಗ್ಲಿಷಿನಲ್ಲಿ ಹೇಳಿದಳು:

"ಐ ಮಿಸ್ಡ್. ಐ ವಾಸ್ ಏಮಿಂಗ್ ಅಟ್ ಹಿಸ್ ಹೆಡ್."

ಗುರಿ ಇಟ್ಟದ್ದು ಅವರ ತಲೆಗೆ, ತಪ್ಪಿತು ಎಂಬ ಮಾತಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅನು ತನ್ನ ಅಜ್ಜಿಯನ್ನು ತಬ್ಬಿಕೊಂಡಳು. ನನಗೆ ನಗಲಾಗಲಿಲ್ಲ, ಏಕೆಂದರೆ ನಾನು ಅಮ್ಮನ ಮುಖ ನೋಡುತ್ತಿದ್ದೆ. ತಮಾಷೆ ಹೇಳಿದವರು ಜನ ನಗುವುದನ್ನು ಕಾಯುತ್ತಾರೆ. ಅವಳು ಕಾಯಲಿಲ್ಲ. ಹೇಳಿ ಮುಗಿಸಿ ತೊಟ್ಟಿಯ ಕಡೆ ತಿರುಗಿದ್ದಳು. ಗುರಿಗೂ ಕೂತವರ ತಲೆಗೂ ನಡುವೆ ಎಷ್ಟು ಅಂತರ ಎಂದು ನಾನು ನಿಂತು ಅಳೆದೆ. ಎರಡು ಮೊಳಕ್ಕಿಂತ ಹೆಚ್ಚಿಲ್ಲ. ಥ್ರೋಬಾಲ್ ಆಡಿದವಳ ಕೈ ಅಷ್ಟು ತಪ್ಪುತ್ತದೆಯೇ? ಎಷ್ಟೋ ವರ್ಷ ಚೆಂಡು ಮುಟ್ಟದ ಕೈ ತಪ್ಪಬಹುದು. ಅವತ್ತು ಕೇಕೆ ಎದ್ದಾಗ ಅಮ್ಮ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಿದ್ದಳು. ಅದನ್ನು ನಾನು ಯಾವಾಗಲೂ ನಾಚಿಕೆ ಎಂದು ಓದಿಕೊಂಡಿದ್ದೆ. ಅವಳು ನೋಡಿಕೊಂಡದ್ದು ನಿಜವೇ, ಆ ತಮಾಷೆ ಕೇಳಿದ ಮೇಲೆ ನಾನು ಸೇರಿಸಿಕೊಂಡದ್ದೇ? ಇಷ್ಟು ಕಾಲ ಹೇಳಿಕೊಂಡು ಬಂದ ಕಥೆ ನನ್ನ ಕೈಯಲ್ಲೇ ಕಳಚಿಕೊಂಡಿತು. ಅಲ್ಲಿಂದ ಹೋಗಲು ಹಂಬಲಿಸಿದ ಒಬ್ಬಳು, ಗಂಡ ತನ್ನ ಮಾತು ಕೇಳದೆ ಏಣಿ ಹತ್ತಿದಾಗ, ಕೈಗೆ ಸಿಕ್ಕಿದ್ದನ್ನು ಅವನ ಮೇಲೆ ಬೀಸಿದಳು. ಅದು ತಪ್ಪಿ ಗುರಿಗೆ ತಗುಲಿತು, ಊರು ಅವಳನ್ನು ಅಪ್ಪಿಕೊಂಡಿತು, ಅಪ್ಪುಗೆಯಿಂದ ಬಿಡಿಸಿಕೊಳ್ಳಲು ಅವಳಿಗೆ ದಾರಿಯೇ ಉಳಿಯಲಿಲ್ಲ. ಹೀಗೂ ಇರಬಹುದು. ಅಥವಾ ಅದು ಬರೀ ತಮಾಷೆ. ಎಂಬತ್ತರ ಹತ್ತಿರದ ಹೆಂಗಸಿಗೆ ತಮಾಷೆ ಮಾಡುವ ಹಕ್ಕಿಲ್ಲವೇ?

ಹಿಂದಿರುಗುವಾಗ ಅನು ಕಾರು ಓಡಿಸುತ್ತಿದ್ದಳು. ಗುಡ್ಡದ ತಿರುವುಗಳಲ್ಲಿ ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ನಾನು ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ಕೇಳಿದೆ. ಅವಳು ಅನುವಿಗೆ, ನಿಧಾನ ಹೋಗು ಪುಟ್ಟಾ, ಎಂದಳು. ಹೋದ ವಾರ ಅವಳ ಅಡುಗೆಮನೆಯಲ್ಲಿ ಮತ್ತೆ ಕೇಳಿದೆ. ಒಲೆಯ ಉರಿ ಸಣ್ಣದು ಮಾಡಿ, ಚಿಕ್ಕಮ್ಮನಿಗೆ ಊಟಕ್ಕೆ ಬಾ ಅಂತ ಹೇಳು ಹೋಗು, ಎಂದಳು. ನಾನು ಕೇಳಿದ್ದು ಇಷ್ಟೇ:

"ಅಮ್ಮ, ನಿನಗೆ ಅಲ್ಲಿಂದ ಹೊರಡಬೇಕಿತ್ತು ತಾನೆ? ಮತ್ತೆ ಯಾಕೆ ಎಸೆದೆ?"